ಹಳೇ ಕಂಪನಿಯ ಎನ್‌ಪಿಎಸ್‌ಗೆ ನಾನೇ ಕಟ್ಟಿದ ಹಣ: ವಿನಾಯಿತಿ ಉಂಟೇ?

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಗೋಕುಲ ರಸ್ತೆಯ ಕಾರ್ಖಾನೆಯೊಂದಕ್ಕೆ ಸೇರಿದ್ದೇನೆ. ಹಳೇ ಕಂಪನಿ ಮಾಡಿಸಿದ್ದ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಗೆ 2025-26ರಲ್ಲಿ ಕೈಯಿಂದ 50,000 ರೂಪಾಯಿ ಕಟ್ಟಿದೆ. ‘ಅದು ನಮ್ಮ ಖಾತೆಯಲ್ಲ’ ಎಂದು ಇಲ್ಲಿನ ಎಚ್‌ಆರ್‌ನವರು ಫಾರ್ಮ್ 16ಕ್ಕೆ ಸೇರಿಸಿಲ್ಲ. ಸಂಬಳ ವರ್ಷಕ್ಕೆ 14 ಲಕ್ಷ, ಮೂಲವೇತನ 7 ಲಕ್ಷ. ಪಿಎಫ್, ವಿಮೆಯಿಂದಲೇ 80ಸಿ ಕಲಂನ 1.5 ಲಕ್ಷದ ಕಡಿತ ಭರ್ತಿ. ವಾಸದ ಮನೆಯ ಸಾಲದ ಬಡ್ಡಿ 2 ಲಕ್ಷ.
– ಓದುಗರು, ಹುಬ್ಬಳ್ಳಿ

ಉತ್ತರ: ಖಾತೆ ನಿಮ್ಮದೇ. 12 ಅಂಕಿಯ ಪ್ರಾನ್ (ಎನ್‌ಪಿಎಸ್ ಖಾತೆ ಸಂಖ್ಯೆ) ನೌಕರಿ ಬದಲಾದರೂ ಬದಲಾಗದು. ಫಾರ್ಮ್ 16ರಲ್ಲಿ ಇಲ್ಲದ್ದನ್ನು ರಿಟರ್ನ್‌ನಲ್ಲಿ ನೀವೇ 80ಸಿಸಿಡಿ(1ಬಿ) ಅಡಿ ಕೇಳಬಹುದು. ಹಣ ಮುಖ್ಯ ಪಿಂಚಣಿ ಖಾತೆಯಾದ ಟಯರ್ 1ಕ್ಕೆ ಹೋಗಿರಬೇಕು. ಬೇಕೆಂದಾಗ ಹಣ ತೆಗೆಯಬಹುದಾದ ಟಯರ್ 2ಕ್ಕೆ ಹೋಗಿದ್ದರೆ ವಿನಾಯಿತಿ ಇಲ್ಲ. ಟ್ರಾನ್ಸಾಕ್ಷನ್ ಸ್ಟೇಟ್‌ಮೆಂಟ್ ಇಳಿಸಿಕೊಂಡು, ನಿಮ್ಮ ವಂತಿಗೆಯ ಕಾಲಂನಲ್ಲೇ ಆ ಮೊತ್ತ ಕೂತಿದೆಯೇ, ತಾರೀಖು ಮಾರ್ಚ್ 31ರೊಳಗಿದೆಯೇ ನೋಡಿ. ಮಾರ್ಚ್ ಕೊನೆಯ ಎರಡು ದಿನ ಕಟ್ಟಿದವರಿಗೆ ತೊಡಕಾಗುವುದು ಇಲ್ಲೇ.

ಈ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ರಿಟರ್ನ್‌ನಲ್ಲಿ ‘ಹೊಸ ಪದ್ಧತಿಯಿಂದ ಹೊರಬರುತ್ತೀರಾ’ ಎಂಬ ಪ್ರಶ್ನೆಗೆ ‘ಹೌದು’ ಎಂದು ಒತ್ತದಿದ್ದರೆ ಆ ಕಾಲಂ ತೆರೆಯುವುದೇ ಇಲ್ಲ. ಗಡುವು ದಾಟಿ ಸಲ್ಲಿಸಿದರೆ ಹೊರಬರುವ ಅವಕಾಶವೂ ಇಲ್ಲ.

ಆದರೆ ಒತ್ತುವ ಮೊದಲು ಲೆಕ್ಕ ಹಾಕಿ. ಹಳೇ ಪದ್ಧತಿಯಲ್ಲಿ 14 ಲಕ್ಷದಿಂದ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯ 1.5 ಲಕ್ಷ, ಮನೆಸಾಲದ ಬಡ್ಡಿ 2 ಲಕ್ಷ, ಎನ್‌ಪಿಎಸ್‌ನ 50,000 ಕಳೆದರೆ ಉಳಿಯುವುದು 9.5 ಲಕ್ಷ, ಸೆಸ್ ಸೇರಿ ತೆರಿಗೆ 1,06,600. ಹೊಸದರಲ್ಲಿ 75,000 ಮಾತ್ರ ಕಳೆದು 13.25 ಲಕ್ಷಕ್ಕೆ 81,900. ಬೇರೆ ಕಡಿತಗಳಿಲ್ಲದಿದ್ದರೆ, ವಿನಾಯಿತಿ ಕೇಳಿಯೇ 24,700 ರೂಪಾಯಿ ಹೆಚ್ಚು ಕಟ್ಟಿದಂತಾಗುತ್ತದೆ. ದಯವಿಟ್ಟು ಈ ವರ್ಷ ಬಿಟ್ಟುಬಿಡಿ.

ಎಚ್‌ಆರ್ ಜೊತೆ ವಾದಿಸುವುದಾದರೆ ಬೇರೆ ವಿಷಯಕ್ಕೆ ವಾದಿಸಿ: ಸಿಟಿಸಿಯ (ಕಂಪನಿ ನಿಮಗಾಗಿ ಮಾಡುವ ಒಟ್ಟು ವಾರ್ಷಿಕ ವೆಚ್ಚದ) ಒಂದು ಭಾಗವನ್ನು ಮಾಲೀಕರ ವಂತಿಗೆಯಾಗಿ ಇದೇ ಪ್ರಾನ್‌ಗೆ ಕಟ್ಟಲು ಕೇಳಿ. ಮೂಲವೇತನ, ತುಟ್ಟಿಭತ್ಯೆಯ ಶೇ 14ರವರೆಗೆ ಹೊಸ ಪದ್ಧತಿಯಲ್ಲೂ ಕಡಿತವಿದೆ. ನಿಮಗೆ ಅದು 98,000. ಆಗ ಆದಾಯ 12.27 ಲಕ್ಷಕ್ಕೆ ಇಳಿಯುತ್ತದೆ. 12 ಲಕ್ಷ ಮೀರಿದ 27,000ಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲವಾದ್ದರಿಂದ ಸೆಸ್ ಸೇರಿ 28,080 ಮಾತ್ರ. ಮುಗಿದ ವರ್ಷಕ್ಕೆ ಇದು ಅನ್ವಯಿಸದು. ಸಂಸ್ಥೆ ಕಾರ್ಪೊರೇಟ್ ಎನ್‌ಪಿಎಸ್‌ಗೆ ನೋಂದಾಯಿಸಿರಬೇಕು, ಬ್ಯಾಂಕುಗಳಲ್ಲೇ ಆಗುತ್ತದೆ. ನಿಮ್ಮ ಪ್ರಾನ್ ಇನ್ನೂ ಹಳೇ ಕಂಪನಿಗೆ ಅಂಟಿಕೊಂಡಿದ್ದರೆ ವರ್ಗಾಯಿಸಿಕೊಳ್ಳಿ. ಅದರಲ್ಲಿರುವ ಹಳೇ ಆಫೀಸ್ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ಮೊದಲು ಬದಲಿಸಿ, ಇಲ್ಲವಾದರೆ ಒಟಿಪಿ ಬಾರದು.

ಪ್ರಶ್ನೆ: ಮೂರು ವರ್ಷ ದುಡಿದ ಮಿಲ್ಲಿನ ಪಿಎಫ್ ಖಾತೆಗೆ ಈಗ ನಾನೇ ಹಣ ತುಂಬಬಹುದೇ? ಆಗದಿದ್ದರೆ ತೆಗೆದುಬಿಡಲೇ?
– ಓದುಗರು, ಗದಗ

ಉತ್ತರ: ತುಂಬಲಾಗದು, ಪಿಎಫ್‌ಗೆ ಹಣ ಮಾಲೀಕರ ಮೂಲಕವೇ ಹೋಗಬೇಕು. ತೆಗೆಯಲೂ ಬೇಡಿ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಮೊತ್ತ 50,000 ಮುಟ್ಟಿದರೆ ಶೇ 10 ಟಿಡಿಎಸ್, ಪ್ಯಾನ್ ಇಲ್ಲದಿದ್ದರೆ ಶೇ 20. ಹೊಸ ಖಾತೆಗೆ ವರ್ಗಾಯಿಸಿದರೆ ಆ ಮೂರು ವರ್ಷವೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ನಿಂತರೆ ಮಿಲ್ಲಿನವರು ಕೆಲಸ ಬಿಟ್ಟ ದಿನಾಂಕ ನಮೂದಿಸಿದ್ದಾರೆಯೇ ನೋಡಿ. ಕೊನೆಯ ವಂತಿಗೆಯಿಂದ ಎರಡು ತಿಂಗಳು ಕಳೆದಿದ್ದರೆ ಪಿಎಫ್ ಸದಸ್ಯರ ಯುಎಎನ್ ಪೋರ್ಟಲ್‌ನ ‘ಮಾರ್ಕ್ ಎಕ್ಸಿಟ್’ನಲ್ಲಿ ನೀವೇ ಹಾಕಬಹುದು. ಅದೂ ಆಗದಿದ್ದರೆ ಹುಬ್ಬಳ್ಳಿ ನವನಗರದ ಪಿಎಫ್ ಕಚೇರಿಗೆ ಪಾಸ್‌ಬುಕ್ ಪ್ರತಿ, ಆಧಾರ್ ಹಿಡಿದು ಹೋಗಿ.