ಬಿಲ್ಲಿ ರೈಟ್ ಕುಳ್ಳಗಿದ್ದೂ ಸೆಂಟರ್ ಹಾಫ್ ಆಗಿದ್ದು ಹೇಗೆ?

ಬರೀ 5 ಅಡಿ 8 ಇಂಚಿನ ಬಿಲ್ಲಿ ರೈಟ್ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಸೆಂಟರ್ ಹಾಫ್, ಅಂದರೆ ರಕ್ಷಣೆಯ ನಟ್ಟನಡುವೆ ನಿಲ್ಲುವ ಆಟಗಾರ, ಹೇಗಾದರು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಮೊದಲಿಗೆ ಅವರು ಆ ಜಾಗದಲ್ಲಿ ಆಡುತ್ತಲೇ ಇರಲಿಲ್ಲ. ತಮ್ಮ ಕ್ಲಬ್ ವುಲ್ವ್ಸ್‌ ತಂಡದಲ್ಲೂ ಇಂಗ್ಲೆಂಡ್ ತಂಡದಲ್ಲೂ ಅವರು ವಿಂಗ್ ಹಾಫ್, ಅಂದರೆ ನಡುವಿನ ಬದಲು ಪಕ್ಕದಲ್ಲಿ ಆಡುವವರು. 1953ರ ನವೆಂಬರ್‌ನಲ್ಲಿ ಹಂಗೆರಿ ಲಂಡನ್‌ನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿತಲ್ಲ, ಆಗಲೂ ಅಷ್ಟೇ. ಹಂಗೆರಿಯ ಪುಷ್ಕಾಶ್ ಚೆಂಡನ್ನು ಕಾಲಡಿಯಲ್ಲಿ ಹಿಂದಕ್ಕೆಳೆದು ಗೋಲು ಹೊಡೆದಾಗ ಏಮಾರಿದ್ದು ಇದೇ ರೈಟ್. ಜನ ಇವತ್ತಿಗೂ ಅದೊಂದನ್ನೇ ತೋರಿಸುತ್ತಾರೆ. ನನಗೆ ಅದು ಅನ್ಯಾಯ ಅನಿಸುತ್ತದೆ.

ಯಾಕೆಂದರೆ ಅವರ ಒಳ್ಳೆಯ ದಿನಗಳು ಬಂದಿದ್ದೇ ಅದಾದ ಮೇಲೆ. 1954ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಸೆಂಟರ್ ಹಾಫ್ ಸಿಡ್ ಓವನ್ ಗಾಯಗೊಂಡರು. ರೈಟ್ ನಡುವಿನ ಜಾಗಕ್ಕೆ ಬಂದರು, ಅಲ್ಲೇ ನೆಲೆಯೂರಿದರು. ಎತ್ತರ ಕಡಿಮೆ ಇದ್ದರೂ ಜಿಗಿತ ಜೋರಾಗಿತ್ತು. ಚೆಂಡು ಎಲ್ಲಿಗೆ ಬರುತ್ತದೆ ಅಂತ ಎದುರಾಳಿಗಿಂತ ಮೊದಲೇ ಗೊತ್ತಾಗಿಬಿಡುತ್ತಿತ್ತು. ಡಿಫೆಂಡರ್‌ಗೆ ಅದಕ್ಕಿಂತ ಜಾಸ್ತಿ ಏನು ಬೇಕು, ಅಲ್ವಾ?

1959ರಲ್ಲಿ ಸ್ಕಾಟ್ಲೆಂಡ್ ವಿರುದ್ಧ ನೂರನೇ ಅಂತರರಾಷ್ಟ್ರೀಯ ಪಂದ್ಯ ಆಡಿದರು. ಜಗತ್ತಿನಲ್ಲಿ ಅಷ್ಟು ದೂರ ಬಂದ ಮೊದಲ ಆಟಗಾರ ಅವರೇ. ಒಟ್ಟು 105 ಪಂದ್ಯ, ಅದರಲ್ಲಿ 90ರಲ್ಲಿ ಕ್ಯಾಪ್ಟನ್. ವುಲ್ವ್ಸ್‌ ಜೊತೆ 3 ಲೀಗ್ ಪ್ರಶಸ್ತಿ, 1949ರಲ್ಲಿ ಇಂಗ್ಲೆಂಡಿನ ಕ್ಲಬ್‌ಗಳ ನಾಕೌಟ್ ಟೂರ್ನಿ ಎಫ್‌ಎ ಕಪ್. ಇಷ್ಟೆಲ್ಲ ಆಡಿದರೂ ರೆಫರಿ ಒಮ್ಮೆಯೂ ಅವರನ್ನು ಹೊರಗೆ ಕಳಿಸಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಇದನ್ನು ಓದಿದಾಗ.