ಕಾನೊದಲ್ಲಿ ಹೌಸಾ ಮತ್ತು ಸೋಶಿಯಲ್ ಸ್ಟಡೀಸ್ ಒಟ್ಟಿಗೆ ಓದಲು ಸೀಟು ಸಿಗುವುದು ಹೇಗೆ?

ನಿಮ್ಮ ಮಗಳು ನೈಜೀರಿಯಾದ ಕಾನೊದಲ್ಲೇ ಶಾಲೆ ಮುಗಿಸಿದ್ದಾಳೆ, ಅಲ್ಲಿನ ಹೌಸಾ ಭಾಷೆ ಮತ್ತು ಸೋಶಿಯಲ್ ಸ್ಟಡೀಸ್ ಎರಡನ್ನೂ ಓದಿ ಅಲ್ಲೇ ಟೀಚರ್ ಆಗಬೇಕು ಅಂತಾಳೆ ಎಂದು ಬರೆದಿದ್ದೀರಿ. ಓದಿ ತುಂಬಾ ಖುಷಿಯಾಯಿತು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಗಣಿತ ಹೇಳಿಕೊಟ್ಟವಳು. ಎಷ್ಟೋ ಮಕ್ಕಳ ಅಡ್ಮಿಷನ್‌ಗೆ ಜೊತೆಯಲ್ಲಿ ಓಡಾಡಿದ್ದೇನೆ.

ನೀವು ಹುಡುಕಬೇಕಾದ ಕೋರ್ಸು ಎನ್‌ಸಿಇ, ಅಂದರೆ ಅಲ್ಲಿನ ಟೀಚರ್ ಟ್ರೈನಿಂಗ್ ಕೋರ್ಸು. 3 ವರ್ಷದ್ದು, ಹೆಚ್ಚುಕಡಿಮೆ ನಮ್ಮ ಡಿ.ಇಡಿ ಇದ್ದ ಹಾಗೆ. ಅಲ್ಲಿ ಟೀಚರ್ ಆಗಲು ಕನಿಷ್ಠ ಇಷ್ಟಾದರೂ ಓದಿರಬೇಕು. ಇದರಲ್ಲಿ ಎರಡು ವಿಷಯಗಳ ಜೋಡಿ ಇರುತ್ತದೆ, ಹೌಸಾ–ಸೋಶಿಯಲ್ ಸ್ಟಡೀಸ್ ಅಂಥದ್ದೊಂದು ಜೋಡಿ. ಕಾನೊ ಮತ್ತು ಝಾರಿಯಾ ಊರುಗಳ ಹಳೇ ಫೆಡರಲ್ (ಕೇಂದ್ರ ಸರ್ಕಾರದ) ಟೀಚರ್ ಟ್ರೈನಿಂಗ್ ಕಾಲೇಜುಗಳು ಈಗ ಎಜುಕೇಷನ್ ಯೂನಿವರ್ಸಿಟಿಗಳಾಗಿವೆ. ಹುಡುಕುವಾಗ ಹೆಸರು ಬೇರೆ ಕಂಡರೆ ಗಾಬರಿಯಾಗಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಶಾಲೆ ಮುಗಿಸುವಾಗ ಬರೆಯುವ ವಾಯೆಕ್ ಅಥವಾ ನೀಕೋ ಬೋರ್ಡ್ ಪರೀಕ್ಷೆಯ ಮಾರ್ಕ್ಸ್‌ಕಾರ್ಡ್. ಅದರಲ್ಲಿ ಹೌಸಾ ಇದೆಯಾ? ಗ್ರೇಡ್ ಸಿ6 ಅಥವಾ ಅದಕ್ಕಿಂತ ಮೇಲಿದ್ದರೆ ಕ್ರೆಡಿಟ್, ಅಂದರೆ ಒಳ್ಳೆ ದರ್ಜೆಯ ಪಾಸ್. ಡಿ7 ಬಂದರೆ ಬರೀ ಪಾಸ್, ಕ್ರೆಡಿಟ್ ಅಲ್ಲ. ನನ್ನ ಒಬ್ಬ ವಿದ್ಯಾರ್ಥಿಯ ಮನೆಮಾತೇ ಹೌಸಾ. 'ಗೊತ್ತಿರೋ ಭಾಷೆಗೆ ಪರೀಕ್ಷೆ ಯಾಕೆ' ಅಂತ ಬೇರೆ ವಿಷಯ ತಗೊಂಡ. ಸೀಟು ಕೇಳುವಾಗ ಅದೇ ಅಡ್ಡ ಬಂತು. ಆಮೇಲೆ ಖಾಸಗಿಯಾಗಿ ಕಟ್ಟಿ ಹೌಸಾ ಬರೆದ, ಎರಡೂ ರಿಸಲ್ಟ್ ಸೇರಿಸಿ ಕೊಟ್ಟ. ಅಷ್ಟರಲ್ಲಿ ಒಂದು ವರ್ಷ ಹೋಗಿತ್ತು. ಇವತ್ತಿಗೂ ಆ ಹುಡುಗನ ಮುಖ ನೆನಪಾದರೆ ಬೇಜಾರಾಗುತ್ತದೆ.

ಅರ್ಜಿ ಹೋಗುವುದು ಜಾಂಬ್ ಮೂಲಕ, ಅದು ನೈಜೀರಿಯಾದ ಕಾಲೇಜು ಪ್ರವೇಶ ನೋಡಿಕೊಳ್ಳುವ ಸರ್ಕಾರಿ ಮಂಡಳಿ. ಎನ್‌ಸಿಇಗೆ ಅವರ ಪ್ರವೇಶ ಪರೀಕ್ಷೆ ಬೇಕೋ ಬೇಡವೋ ಅನ್ನುವ ನಿಯಮ ಬದಲಾಗುತ್ತಿರುತ್ತದೆ, ಈ ವರ್ಷದ ಪ್ರಕಟಣೆಯನ್ನೇ ನೋಡಿ. ಯಾವ ಕಾಲೇಜು ಯಾವ ವಿಷಯ ಕೇಳುತ್ತದೆ ಅನ್ನುವುದು ಜಾಂಬ್ ಬ್ರೋಶರ್‌ನಲ್ಲಿ ಸಿಗುತ್ತದೆ. ರಿಸಲ್ಟ್ ಬಂದ ಕೂಡಲೇ ಜಾಂಬ್ ಪ್ರೊಫೈಲ್‌ಗೆ ಹಾಕಿಸಿ. ಸುಮಾರು ಮಕ್ಕಳು ಇದನ್ನು ಮರೆತು ಕಾಯ್ತಾ ಕೂರುತ್ತಾರೆ. ಸೀಟು ಕೊಟ್ಟರೆ ಕ್ಯಾಪ್ಸ್‌ನಲ್ಲಿ (ಜಾಂಬ್‌ನ ಆನ್‌ಲೈನ್ ಅಡ್ಮಿಷನ್ ವ್ಯವಸ್ಥೆ) ಒಪ್ಪಿಕೊಳ್ಳಬೇಕು, ಅದೂ ಅವಳೇ ಮಾಡಬೇಕು. ನೀವು ಭಾರತದ ಪಾಸ್‌ಪೋರ್ಟಿನವರಾದರೆ ಫೀಸು, ಕಾಗದಪತ್ರ ಏನೇನು ಅಂತ ದುಡ್ಡು ಕಟ್ಟುವ ಮೊದಲೇ ಕಾಲೇಜಿನ ಆಫೀಸಿನಲ್ಲಿ ಕೇಳಿಬಿಡಿ.

ಇನ್ನೊಂದು ಮಾತು. ಬೀದಿಯಲ್ಲಿ ಕಲಿತ ಹೌಸಾ ಬೇರೆ, ಬರೆಯುವ ಹೌಸಾ ಬೇರೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜೊತೆ ಕೊಕ್ಕೆ ಹಾಕಿದ ಅಕ್ಷರಗಳೂ ಇವೆ. 'ಕರ' (kara) ಎಂದು ಸಾದಾ ಅಕ್ಷರದಲ್ಲಿ ಬರೆದರೆ ಜೋಳದ ದಂಟು. ಅದೇ 'k'ಗೆ ಕೊಕ್ಕೆ ಹಾಕಿ (ƙara), ಗಂಟಲು ಬಿಗಿಹಿಡಿದು ಹೇಳಿದರೆ 'ಜಾಸ್ತಿ ಮಾಡು'. ನನಗೆ ಆ ವ್ಯತ್ಯಾಸ ಕಿವಿಗೆ ಬೀಳಲು ಎರಡು ವರ್ಷ ಬೇಕಾಯಿತು. ನಿಮ್ಮ ಮಗಳಿಗೆ ಅದು ಬಾಯಲ್ಲಿ ಆಗಲೇ ಇದೆ, ಅಲ್ವಾ? ಈಗಿನಿಂದಲೇ ದಿನಾ ಒಂದು ಪುಟ ಬರೆಸಿ.

ಎನ್‌ಸಿಇ ಚೆನ್ನಾಗಿ ಮುಗಿಸಿದರೆ ಡೈರೆಕ್ಟ್ ಎಂಟ್ರಿ ಮೂಲಕ ಡಿಗ್ರಿಯ ಎರಡನೇ ವರ್ಷಕ್ಕೇ ಅರ್ಜಿ ಹಾಕಬಹುದು. ಕಾನೊದಲ್ಲೇ ಬಯೆರೊ ಯೂನಿವರ್ಸಿಟಿ ಇದೆ, ಹೌಸಾ ಓದಲು ಒಳ್ಳೆಯ ಜಾಗ. ಸದ್ಯಕ್ಕೆ ಮಾರ್ಕ್ಸ್‌ಕಾರ್ಡ್‌ನಲ್ಲಿ ಹೌಸಾ ಮುಂದೆ ಏನಿದೆ ನೋಡಿ ಇಲ್ಲೇ ಬರೆಯಿರಿ, ಮುಂದಿನದ್ದು ಹೇಳುತ್ತೇನೆ.