ಡಿಎ ಏರುತ್ತಲೇ ಇದೆ, ಆದರೂ ಅಪ್ಪನ ಪಿಂಚಣಿ ಯಾಕೆ ಸಾಲುತ್ತಿಲ್ಲ?

ನಿಮ್ಮ ತಂದೆ ಕೇಂದ್ರ ಸರ್ಕಾರದ ನಿವೃತ್ತರು, 76 ವರ್ಷ, ವರ್ಷಕ್ಕೆ ಎರಡು ಸಲ ಡಿಎ (ಬೆಲೆ ಏರಿಕೆಗೆ ಕೊಡುವ ತುಟ್ಟಿಭತ್ಯೆ) ಏರಿದರೂ ತಿಂಗಳ ಕೊನೆಗೆ ಕೈ ಖಾಲಿ ಅಂದಿದ್ದೀರಿ. ನಮ್ಮ ಮನೆಯಲ್ಲೂ ಅಮ್ಮನ ಖರ್ಚು ನೋಡಿಕೊಳ್ಳುವುದು ನಾನೇ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಓದಿಕೊಂಡಿದ್ದೇನೆ.

ಡಿಎ ಲೆಕ್ಕ ಹಾಕುವುದು ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದಿಂದ. ಕಾರ್ಖಾನೆ, ಗಣಿ, ತೋಟ, ರೈಲ್ವೆಯಲ್ಲಿ ದುಡಿಯುವವರ ಮನೆಗಳಲ್ಲಿ ಯಾವುದಕ್ಕೆ ಎಷ್ಟು ಹೋಗುತ್ತದೆ ಅಂತ ನೋಡಿ ಲೇಬರ್ ಬ್ಯೂರೋ ಅದನ್ನು ತಯಾರಿಸುತ್ತದೆ. 2016ರ ಸರಣಿಯಲ್ಲಿ ಊಟತಿಂಡಿಗೆ ಸುಮಾರು 39%, ಮನೆಗೆ ಸುಮಾರು 17%. ಔಷಧಿ, ಮಕ್ಕಳ ಓದು, ಓಡಾಟ ಎಲ್ಲವೂ ಸುಮಾರು 30%ರ 'ಇತರೆ' ಗುಂಪಿನಲ್ಲಿ ಸೇರಿಹೋಗಿವೆ. ನಿಮ್ಮ ತಂದೆ ಯಾರ ಸ್ಕೂಲ್ ಫೀಸೂ ಕಟ್ಟುವುದಿಲ್ಲ, ಆದರೆ ಮೆಡಿಕಲ್ ಶಾಪ್ ಬಿಲ್ ಜಾಸ್ತಿ ಅಲ್ವಾ? ಸ್ವಂತ ಮನೆ ಇದ್ದರೆ ಬಾಡಿಗೆ ಏರಿದ್ದಕ್ಕೆ ಸಿಗುವ ಡಿಎ ಅವರಿಗೆ ಲಾಭವೇ, ಅದನ್ನೂ ಹೇಳಬೇಕು.

ಅಮೆರಿಕದಲ್ಲಿ 62 ದಾಟಿದವರಿಗೆಂದೇ ಪ್ರಾಯೋಗಿಕ ಸೂಚ್ಯಂಕವೊಂದಿದೆ. ಆದರೂ ಅಲ್ಲಿನ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಹಣ ಏರುವುದು ದುಡಿಯುವವರ ಸೂಚ್ಯಂಕ ನೋಡಿಯೇ.

ಸೂಚ್ಯಂಕ ಯಾರ ಖರ್ಚಿನದು ಅನ್ನುವುದಕ್ಕಿಂತ ನನಗೆ ದೊಡ್ಡದಾಗಿ ಕಾಣುವ ತೊಂದರೆ ಬೇರೆ. ಸೂಚ್ಯಂಕ ಅಳೆಯುವುದು ಅದೇ ಸಾಮಾನಿನ ಬೆಲೆ ಎಷ್ಟು ಏರಿತು ಅನ್ನುವುದನ್ನು. ವಯಸ್ಸಾದಂತೆ ಸಾಮಾನಿನ ಪಟ್ಟಿಯೇ ಬದಲಾಗುತ್ತದೆ. ಅಮ್ಮ ಮೊದಲು ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದರು. ಮೊಣಕಾಲು ಹಿಡಿದ ಮೇಲೆ ಆಟೋ ಬೇಕು, ಜೊತೆಗೆ ಒಬ್ಬರು ಬೇಕು. ಬಸ್ ಚಾರ್ಜೂ ಏರಿಲ್ಲ, ಆಟೋ ಮೀಟರೂ ಏರಿಲ್ಲ ಅಂದುಕೊಳ್ಳಿ, ಖರ್ಚು ಮಾತ್ರ ಎಷ್ಟೋ ಪಟ್ಟು ಆಯಿತು. ರಾತ್ರಿ ಜೊತೆಗಿರಲು ಆಳು ಇಟ್ಟರಂತೂ ಕೇಳುವುದೇ ಬೇಡ. ಇದು ಯಾವ ಡಿಎ ಲೆಕ್ಕಕ್ಕೂ ಬರುವುದಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯವಲ್ಲ. ಕೇಂದ್ರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ 20% ಹೆಚ್ಚುವರಿ ಸಿಗುತ್ತದೆ. 85ಕ್ಕೆ 30%, 90ಕ್ಕೆ 40%. ಆದರೆ ಮೊಣಕಾಲು, ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ 80ರ ತನಕ ಕಾಯುತ್ತವೆಯೇ? ಇಪಿಎಸ್ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಪಿಂಚಣಿಯವರ ಪಾಡು ಇನ್ನೂ ಕಷ್ಟ. 2014ರಲ್ಲಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಅಂತ ಮಾಡಿದರು, ಅದಕ್ಕೆ ಡಿಎ ಅನ್ನುವುದೇ ಇಲ್ಲ. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನೀವು ಮನೆಯಲ್ಲೇ ಒಂದು ಲೆಕ್ಕ ಶುರುಮಾಡಿ. ಪುಸ್ತಕದಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ ಹಳೆಯ ಖರ್ಚಿಗೆ ಏರಿದ ಬೆಲೆ, ಇನ್ನೊಂದರಲ್ಲಿ ಹೊಸದಾಗಿ ಸೇರಿದ ಖರ್ಚು. ಮಾತ್ರೆಗಳನ್ನು ಬೇರೆಯಾಗಿ ಬರೆಯಿರಿ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಮಾತ್ರೆಗಳ ಗರಿಷ್ಠ ಬೆಲೆ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕದಂತೆ ಬದಲಾಗುತ್ತದೆ, ಪಟ್ಟಿಯ ಹೊರಗಿನವನ್ನು ಕಂಪನಿಗಳು ವರ್ಷಕ್ಕೆ 10% ತನಕ ಏರಿಸಬಹುದು. ಪಟ್ಟಿಯ ಹೊರಗಿನ ಮಾತ್ರೆಗಳೇ ಜಾಸ್ತಿ ಇದ್ದರೆ ಅದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಸಿಗುತ್ತದಾ ಅಂತ ಡಾಕ್ಟರ ಹತ್ತಿರ ಕೇಳಿ.

ಹಾಗೇ ತಂದೆಯವರ ಪಿಪಿಒ (ಪಿಂಚಣಿ ಪಾವತಿ ಆದೇಶ ಪತ್ರ) ತೆಗೆದು ಹುಟ್ಟಿದ ದಿನಾಂಕ ಸರಿಯಾಗಿದೆಯಾ ಈಗಲೇ ನೋಡಿಬಿಡಿ. 80 ತುಂಬುವ ತಿಂಗಳ ಒಂದನೇ ತಾರೀಖಿನಿಂದಲೇ ಆ ಹೆಚ್ಚುವರಿ ಹಣ ಬರಬೇಕು.